ವಸಾಹತುಶಾಹಿ ಕಾನೂನು ಮತ್ತು ಕರ್ನಾಟಕದ ಆದಿವಾಸಿಗಳ ಹಕ್ಕುಗಳು

ಹೊರಗಿನಿಂದ ಬಂದ ಆಳ್ವಿಕೆಯೊಂದು ತಾನು ಗೆದ್ದ ನಾಡಿನ ನೆಲ, ಕಾಡು ಮತ್ತು ದುಡಿಮೆಯನ್ನು ತನ್ನ ಆದಾಯಕ್ಕೂ ಭದ್ರತೆಗೂ ಒದಗುವಂತೆ ಹೊಂದಿಸಿಕೊಳ್ಳಲು ರೂಪಿಸಿದ ಶಾಸನ, ನಿಯಮ, ನ್ಯಾಯಾಲಯ ಮತ್ತು ದಾಖಲೆಗಳ ಒಟ್ಟು ಏರ್ಪಾಡನ್ನು ವಸಾಹತುಶಾಹಿ ಕಾನೂನು ವ್ಯವಸ್ಥೆ ಎನ್ನಲಾಗುತ್ತದೆ. ಇಂದಿನ ಕರ್ನಾಟಕದ ಭಾಗಗಳು ಆ ಕಾಲದಲ್ಲಿ ಮೈಸೂರು ಸಂಸ್ಥಾನ, ಬಾಂಬೆ ಮತ್ತು ಮದ್ರಾಸ್ ಪ್ರಾಂತಗಳು, ಹೈದರಾಬಾದ್ ಸಂಸ್ಥಾನ ಹಾಗೂ ಕೊಡಗು ಎಂದು ಹಂಚಿಹೋಗಿದ್ದುದರಿಂದ, ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ, ಯರವ, ಇರುಳಿಗ, ಮಲೆಕುಡಿಯ, ಕೊರಗ, ಸಿದ್ದಿ, ಕುಣಬಿ, ಹಾಲಕ್ಕಿ ಮೊದಲಾದ ಸಮುದಾಯಗಳು ಈ ವ್ಯವಸ್ಥೆಯನ್ನು ಒಂದೇ ಬಗೆಯಲ್ಲಿ ಎದುರಿಸಲಿಲ್ಲ. ಆದರೂ ಎಲ್ಲ ಕಡೆಯೂ ಒಂದು ಸಮಾನ ಅಂಶ ಕಾಣುತ್ತದೆ: ಬರಹದಲ್ಲಿ ದಾಖಲಾಗಿ ಕಂದಾಯ ತೆರುತ್ತಿದ್ದ ಹಿಡುವಳಿಯನ್ನು ಕಾನೂನು ಹಕ್ಕೆಂದು ಒಪ್ಪಿತು, ಬರಹವಿಲ್ಲದೆ ತಲೆಮಾರುಗಳ ಬಳಕೆಯಿಂದ ಬಂದದ್ದನ್ನು ಸರ್ಕಾರದ ಕೃಪೆಯಿಂದ ನಡೆಯುವ, ಸರ್ಕಾರ ಬೇಕೆಂದಾಗ ಹಿಂತೆಗೆದುಕೊಳ್ಳಬಹುದಾದ ಸವಲತ್ತು ಎಂದು ಎಣಿಸಿತು. ಆದಿವಾಸಿ ಸಮುದಾಯಗಳು ಕಳೆದುಕೊಂಡದ್ದರ ಬಹುಪಾಲು ಈ ಒಂದು ವಿಂಗಡಣೆಯಿಂದಲೇ ಹೋಯಿತು, ಮತ್ತು ಸ್ವಾತಂತ್ರ್ಯಾನಂತರದ ಶಾಸನಗಳೂ ಬಹುಕಾಲ ಅದನ್ನು ಬದಲಿಸಲಿಲ್ಲ.

ವಸಾಹತು ಪೂರ್ವದ ಸ್ಥಿತಿಯನ್ನು ಆದರ್ಶವಾಗಿ ಚಿತ್ರಿಸುವುದು ಸರಿಯಲ್ಲ. ಗಂಧದ ಮರ, ಆನೆ, ಕಾಳುಮೆಣಸುಗಳ ಮೇಲೆ ಅರಸರ ಏಕಸ್ವಾಮ್ಯ ಮೊದಲೇ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಗಂಧ ರಾಜವೃಕ್ಷವಾಗಿತ್ತು. ಕೊಡಗಿನಲ್ಲೂ ಅದಕ್ಕೆ ತಾಗಿದ ವಯನಾಡಿನಲ್ಲೂ ಯರವರು ಮತ್ತು ಪಣಿಯರು ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದ ಜೀತದಾಳುಗಳಾಗಿದ್ದರು. ಆದರೆ ಅರಸರು ಬಯಸಿದ್ದು ಕಾಡಿನ ಕೆಲವು ಬೆಲೆಬಾಳುವ ವಸ್ತುಗಳನ್ನು ಮಾತ್ರವಾದ್ದರಿಂದ, ಗೆಣಸು ಅಗೆಯುವುದು, ಜೇನು ಇಳಿಸುವುದು, ತುಂಡು ನೆಲ ಸುಟ್ಟು ರಾಗಿ ಬಿತ್ತುವುದು, ಸತ್ತವರನ್ನು ಹೂಳುವುದು, ದೇವರ ಮರಕ್ಕೆ ಪೂಜೆ ಸಲ್ಲಿಸುವುದು ಮುಂತಾದವು ಯಾರ ಅಪ್ಪಣೆಗೂ ಕಾಯದೆ ನಡೆಯುತ್ತಿದ್ದವು. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಸೀಮೆಗಳಲ್ಲಿ ಪಯಣಿಸಿದ ಫ್ರಾನ್ಸಿಸ್ ಬುಕಾನನ್ ಸೋಲಿಗರನ್ನೂ ಕಾಡು ಕುರುಬರನ್ನೂ ಕುಮರಿ ಬೇಸಾಯವನ್ನೂ ಗುರುತಿಸಿ ಬರೆದಿಟ್ಟಿದ್ದಾನೆ. ಅಂದರೆ ಈ ಜನ ಅಲ್ಲಿ ನೆಲೆಸಿದ್ದರೆಂಬುದು ಕಂಪನಿ ಸರ್ಕಾರಕ್ಕೆ ಮೊದಲ ದಿನಗಳಿಂದಲೂ ಗೊತ್ತಿದ್ದ ಸಂಗತಿ.

ಅರಣ್ಯ ಶಾಸನಗಳು

ಹಡಗು ಕಟ್ಟಲು ತೇಗ, ರೈಲು ಹಳಿಗೆ ಸ್ಲೀಪರು, ಎಂಜಿನ್ನಿಗೆ ಸೌದೆ ಇವುಗಳ ಬೇಡಿಕೆ ಏರಿದಂತೆ ಕಾಡು ಸರ್ಕಾರದ ಆಸ್ತಿಯಾಗಬೇಕೆಂಬ ವಾದ ಗಟ್ಟಿಯಾಯಿತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅರಣ್ಯ ನೀತಿಯನ್ನು ಪ್ರಕಟಿಸಿದನು. ಮದ್ರಾಸ್ ಪ್ರಾಂತದಲ್ಲಿ 1856ರಿಂದ ಹ್ಯೂ ಕ್ಲೆಗಾರ್ನ್ ಅರಣ್ಯ ಸಂರಕ್ಷಣಾಧಿಕಾರಿಯಾದನು. 1864ರಲ್ಲಿ ಜರ್ಮನಿಯ ಡೀಟ್ರಿಶ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಆದನು. 1865ರ ಮೊದಲ ಅರಣ್ಯ ಶಾಸನ ಸರ್ಕಾರದ ಕೈಗೆ ಸಾಕಷ್ಟು ಬಲ ಕೊಡಲಿಲ್ಲವೆಂದು ಭಾವಿಸಿ ಹೊಸ ಮಸೂದೆ ಸಿದ್ಧವಾಗುತ್ತಿದ್ದ 1870ರ ದಶಕದಲ್ಲಿ ಅಧಿಕಾರಿಗಳ ನಡುವೆಯೇ ತೀವ್ರ ಚರ್ಚೆ ನಡೆಯಿತು. ಸರ್ಕಾರ ಬರಹದಲ್ಲಿ ಕೊಟ್ಟಿರದ ಯಾವುದೇ ಬಳಕೆ ಹಕ್ಕಾಗಲಾರದು, ಅರಸ ಸುಮ್ಮನಿದ್ದುದರಿಂದ ನಡೆದುಬಂದ ರೂಢಿ ಅದು, ಎಂಬುದು ಅಧಿಕಾರಿ ಬೇಡನ್-ಪೊವೆಲ್‌ನ ನಿಲುವಾಗಿತ್ತು. ಬ್ರಾಂಡಿಸ್ ಹಳ್ಳಿಗರ ಬಳಕೆಗೂ ಕಾನೂನಿನಲ್ಲಿ ಜಾಗವಿರಬೇಕೆಂದನು. ಮದ್ರಾಸ್ ಸರ್ಕಾರದ ಹಲವು ಅಧಿಕಾರಿಗಳು ತಮ್ಮ ಪ್ರಾಂತದ ಕಾಡುಗಳೆಲ್ಲ ಹಳ್ಳಿಗಳ ಬಳಕೆಗೆ ಒಳಪಟ್ಟಿರುವುದರಿಂದ ಅವನ್ನು ಸರ್ಕಾರದ ಆಸ್ತಿಯೆಂದು ಸಾರುವುದು ಅನ್ಯಾಯವೆಂದು ಬರೆದರು. ಗೆದ್ದದ್ದು ಬಹುಮಟ್ಟಿಗೆ ಬೇಡನ್-ಪೊವೆಲ್‌ನ ವಾದ. ಈ ಚರ್ಚೆಯನ್ನು ನೆನೆಯುವುದು ಅಗತ್ಯ, ಏಕೆಂದರೆ ಅಂದಿನವರಿಗೆ ಬೇರೆ ದಾರಿ ತಿಳಿದಿರಲಿಲ್ಲ ಎಂಬ ಸಮರ್ಥನೆ ಇದರ ಮುಂದೆ ನಿಲ್ಲುವುದಿಲ್ಲ. ಬೇರೆ ದಾರಿಯನ್ನು ಅವರದೇ ಅಧಿಕಾರಿಗಳು ತೋರಿಸಿದ್ದರು.

1878ರ ಭಾರತೀಯ ಅರಣ್ಯ ಶಾಸನ ಕಾಡನ್ನು ಕಾಯ್ದಿಟ್ಟ ಅರಣ್ಯ, ರಕ್ಷಿತ ಅರಣ್ಯ, ಗ್ರಾಮ ಅರಣ್ಯ ಎಂದು ಮೂರಾಗಿ ವಿಂಗಡಿಸಿತು. ಕಾಯ್ದಿಟ್ಟ ಅರಣ್ಯದಲ್ಲಿ ಸರ್ಕಾರ ವಿಶೇಷವಾಗಿ ಅನುಮತಿಸಿದ್ದನ್ನು ಬಿಟ್ಟು ಉಳಿದದ್ದೆಲ್ಲ ಅಪರಾಧ. ರಕ್ಷಿತ ಅರಣ್ಯದಲ್ಲಿ ವಿಶೇಷವಾಗಿ ನಿಷೇಧಿಸಿದ್ದು ಮಾತ್ರ ಅಪರಾಧ. ಗ್ರಾಮ ಅರಣ್ಯ ಹೆಚ್ಚಿನ ಕಡೆ ಕಾಗದದಲ್ಲಷ್ಟೇ ಉಳಿಯಿತು. ಒಂದು ಪ್ರದೇಶವನ್ನು ಕಾಯ್ದಿಡುವ ಮೊದಲು ಸರ್ಕಾರ ಅಧಿಸೂಚನೆ ಹೊರಡಿಸಿ, ಅರಣ್ಯ ವ್ಯವಸ್ಥಾಪನಾಧಿಕಾರಿಯನ್ನು ನೇಮಿಸಿ, ಹಕ್ಕುಳ್ಳವರು ಗೊತ್ತುಪಡಿಸಿದ ಅವಧಿಯೊಳಗೆ ಅವನ ಮುಂದೆ ಬಂದು ಹೇಳಿಕೊಳ್ಳಬೇಕೆಂದು ಸಾರಬೇಕಿತ್ತು. ಈ ಶಾಸನದ ಜಾಗಕ್ಕೆ ಬಂದ 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಆ ಅವಧಿ ಮೂರು ತಿಂಗಳಿಗೆ ಕಡಿಮೆಯಿರಬಾರದು ಎಂದಷ್ಟೇ ಇದೆ. ಆ ಗಡುವಿನಲ್ಲಿ ಯಾರೂ ಹೇಳಿಕೊಳ್ಳದ, ಅಧಿಕಾರಿಯ ವಿಚಾರಣೆಯಲ್ಲೂ ತಿಳಿದುಬರದ ಹಕ್ಕುಗಳು ನಂದಿಹೋಗುತ್ತವೆ ಎಂದು ಅದರ 9ನೆಯ ಪ್ರಕರಣ ಹೇಳುತ್ತದೆ. ಸ್ಥಳಾಂತರ ಬೇಸಾಯವನ್ನು ಎಲ್ಲ ಸಂದರ್ಭಗಳಲ್ಲೂ ಸರ್ಕಾರದ ನಿಯಂತ್ರಣ, ನಿರ್ಬಂಧ ಹಾಗೂ ರದ್ದತಿಗೆ ಒಳಪಟ್ಟ ಸವಲತ್ತೆಂದೇ ಭಾವಿಸತಕ್ಕದ್ದೆಂದು 10ನೆಯ ಪ್ರಕರಣ ವಿಧಿಸುತ್ತದೆ. ಓದು ಬರಹವಿಲ್ಲದ, ಕಛೇರಿಯ ಭಾಷೆ ತಿಳಿಯದ, ಋತುವಿಗೆ ತಕ್ಕಂತೆ ಕಾಡಿನಲ್ಲಿ ಜಾಗ ಬದಲಿಸುತ್ತಿದ್ದ ಹಾಡಿಯೊಂದು, ಅಂದರೆ ಆದಿವಾಸಿ ಬಿಡಾರವೊಂದು, ಮೂರು ತಿಂಗಳ ಒಳಗೆ ತಾಲ್ಲೂಕು ಕೇಂದ್ರಕ್ಕೆ ಬಂದು ತನ್ನ ಹಕ್ಕನ್ನು ವಾದಿಸುವುದು ಅಸಾಧ್ಯವೇ ಆಗಿತ್ತು. ಕಾನೂನಿನ ಅಕ್ಷರದಲ್ಲಿ ವಿಚಾರಣೆಯ ಅವಕಾಶವಿತ್ತು, ಆದರೆ ಆ ಅವಕಾಶದ ರಚನೆಯೇ ಅದನ್ನು ಬಳಸಬೇಕಾದವರನ್ನು ಹೊರಗಿಟ್ಟಿತ್ತು.

ಕುಮರಿ ಬೇಸಾಯ ಮತ್ತು ಕೆನರಾ

ಕಾನೂನು ಯಾರ ಬಳಕೆಯನ್ನು ಹಕ್ಕೆಂದು ಗುರುತಿಸಿತು, ಯಾರದನ್ನು ಗುರುತಿಸಲಿಲ್ಲ ಎಂಬುದು ಇಂದಿನ ಉತ್ತರ ಮತ್ತು ದಕ್ಷಿಣ ಕನ್ನಡ ಸೀಮೆಯಾದ ಕೆನರಾ ಜಿಲ್ಲೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಘಟ್ಟದ ಇಳಿಜಾರಿನ ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಹಲವು ವರ್ಷ ಮರ ಬೆಳೆಯಲು ಬಿಟ್ಟು ಬೇರೆಡೆಗೆ ಹೋಗುವ ಪದ್ಧತಿಗೆ ಕುಮರಿ ಎಂದು ಹೆಸರು. ಉತ್ತರದಲ್ಲಿ ಕುಣಬಿಗಳು, ದಕ್ಷಿಣದಲ್ಲಿ ಮಲೆಕುಡಿಯರು ಮತ್ತು ಮರಾಠಿ ನಾಯ್ಕರು, ಇಂದಿನ ಕಾಸರಗೋಡು ಸೇರಿದ್ದ ಬೇಕಲ ಸೀಮೆಯ ಗುಡ್ಡಗಾಡಿನವರು ಇದನ್ನು ನಡೆಸುತ್ತಿದ್ದರು. ಭೂಮಾಲೀಕನ ಹಿಡುವಳಿಯಾದ ವರ್ಗಕ್ಕೆ ಸೇರಿದ್ದು ವರ್ಗ ಕುಮರಿ, ಸರ್ಕಾರಿ ಕಾಡಿನಲ್ಲಿ ನಡೆಯುವುದು ಸರ್ಕಾರಿ ಕುಮರಿ ಎಂದು ಕಂದಾಯದವರು ಭಾಗ ಮಾಡಿದ್ದರು. ಕಾಡು ಹಾಳಾಗುತ್ತದೆ, ಅಲೆಮಾರಿಗಳಿಂದ ತೆರಿಗೆ ವಸೂಲಾಗುವುದಿಲ್ಲ, ತೋಟ ಗದ್ದೆಗಳಿಗೆ ಆಳು ಸಿಗುವುದಿಲ್ಲ ಎಂಬ ಕಾರಣಗಳನ್ನು ಮುಂದಿಟ್ಟು 1860ರಲ್ಲಿ ಮದ್ರಾಸ್ ಸರ್ಕಾರ ವಿಶೇಷ ಅನುಮತಿಯಿಲ್ಲದ ಕುಮರಿಯನ್ನು ಸರ್ಕಾರಿ ಕಾಡಿನಲ್ಲಿ ನಿಷೇಧಿಸಿತು. ಈ ಕಾರಣಗಳಲ್ಲಿ ಕೊನೆಯದು ವಿಶೇಷವಾಗಿ ಗಮನಾರ್ಹ, ಏಕೆಂದರೆ ಕುಮರಿ ನಿಂತ ಮೇಲೆ ಆ ಕುಟುಂಬಗಳು ಹೋಗಿ ಸೇರಿದ್ದು ಅಡಿಕೆ ತೋಟಗಳ ಮತ್ತು ಘಟ್ಟದ ಕಾಫಿ ತೋಟಗಳ ಕೂಲಿಗೆ.

1862ರಲ್ಲಿ ಉತ್ತರ ಕನ್ನಡ ಬಾಂಬೆ ಪ್ರಾಂತಕ್ಕೆ ಸೇರಿತು. 1870ರ ದಶಕದ ಕೊನೆಯಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ಭಾಸ್ಕರಪ್ಪ ಮತ್ತು ಉತ್ತರ ಕನ್ನಡ ಕಲೆಕ್ಟರ್ ನಡುವಿನ ವ್ಯಾಜ್ಯದಲ್ಲಿ, ಕುಮರಿಯ ಬಾಬ್ತು ತೆರಿಗೆ ಕಟ್ಟಿದ ಮಾತ್ರಕ್ಕೆ ಕಾಡಿನ ನೆಲದ ಒಡೆತನ ಸಿದ್ಧಿಸುವುದಿಲ್ಲ, ಕಾಡು ಸರ್ಕಾರದ್ದೆಂಬುದೇ ಪೂರ್ವಭಾವನೆ ಎಂಬ ತತ್ತ್ವ ನೆಲೆಗೊಂಡಿತು. ಅದರ ನಂತರ ಕಾಡು ತನ್ನದೆಂದು ಸಾಬೀತುಪಡಿಸುವ ಹೊಣೆ ಬಳಸುವವನ ಮೇಲೆಯೇ ಬಿದ್ದಿತು. ಆ ವ್ಯಾಜ್ಯ ನಡೆದದ್ದು ಭೂಮಿ ಹಿಡಿದವರಿಗೂ ಸರ್ಕಾರಕ್ಕೂ ಮಧ್ಯೆ. ಕತ್ತಿ ಹಿಡಿದು ಕುಮರಿ ಕಡಿಯುತ್ತಿದ್ದವರು ಅಲ್ಲಿ ವಾದಿಗಳಾಗಲಿಲ್ಲ, ಪ್ರತಿವಾದಿಗಳೂ ಆಗಲಿಲ್ಲ.

ಇದೇ ಜಿಲ್ಲೆಯ ಶಿರಸಿ, ಸಿದ್ದಾಪುರಗಳ ಅಡಿಕೆ ತೋಟಗಾರರಿಗೆ ಬೇರೆಯದೇ ವ್ಯವಸ್ಥೆ ದೊರೆಯಿತು. ತೋಟಕ್ಕೆ ಹಸಿರು ಗೊಬ್ಬರ ಬೇಕಾದ್ದರಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸಲು ಅವರಿಗೆ ಅನುಮತಿಯಿತ್ತು. ಅವರದೂ ಪೂರ್ಣ ಒಡೆತನವಲ್ಲ, ಅವರಿಗೂ ಅರಣ್ಯ ಇಲಾಖೆಯ ಕಾಟ ತಪ್ಪಲಿಲ್ಲ. 1880ರ ದಶಕದಲ್ಲೇ ಶಿರಸಿ ಭಾಗದಲ್ಲಿ ವನದುಃಖ ನಿವಾರಣಾ ಸಭೆ ಹುಟ್ಟಿತು, 1930ರಲ್ಲಿ ಅಂಕೋಲ, ಸಿದ್ದಾಪುರಗಳಲ್ಲಿ ಕರನಿರಾಕರಣೆಯೂ ಅರಣ್ಯ ಸತ್ಯಾಗ್ರಹವೂ ನಡೆದವು. ಆದರೆ ಅರ್ಜಿ ಬರೆಯಬಲ್ಲ, ಸಭೆ ಕಟ್ಟಬಲ್ಲ, ಕಂದಾಯದ ರಸೀದಿ ತೋರಿಸಬಲ್ಲ ವರ್ಗದ ಬಳಕೆಗೆ ಕಾನೂನಿನಲ್ಲಿ ಒಂದು ಜಾಗ ಉಳಿಯಿತು. ಕುಮರಿಯವನ ಬಳಕೆಗೆ ಅದೂ ಸಿಗಲಿಲ್ಲ. ಎರಡೂ ಪದ್ಧತಿಗಳು ಕಾಡನ್ನು ಅವಲಂಬಿಸಿದ್ದವು, ಹಾಗಾಗಿ ಈ ಭೇದಕ್ಕೆ ಕಾಡಿನ ಹಿತವನ್ನು ಕಾರಣವಾಗಿ ಕೊಡಲಾಗದು.

ಮೈಸೂರು ಸಂಸ್ಥಾನ

ವಸಾಹತುಶಾಹಿ ಕಾನೂನಿನ ಪ್ರಭಾವ ಬ್ರಿಟಿಷರು ನೇರವಾಗಿ ಆಳಿದ ಸೀಮೆಗಳಿಗೆ ಸೀಮಿತವಾಗಿರಲಿಲ್ಲ. 1831ರಿಂದ 1881ರವರೆಗೆ ಮೈಸೂರನ್ನು ಬೆಂಗಳೂರಿನಿಂದ ಬ್ರಿಟಿಷ್ ಕಮಿಷನರುಗಳು ಆಳಿದರು. ಅರಣ್ಯ ಇಲಾಖೆ ಸ್ಥಾಪನೆಯಾದದ್ದು ಆ ಅವಧಿಯಲ್ಲೇ, 1864ರಲ್ಲಿ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ಲನ ಒಪ್ಪಿಗೆಯಿಲ್ಲದೆ ಬದಲಿಸಕೂಡದೆಂಬ ಷರತ್ತು ಇತ್ತು. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಬ್ರಿಟಿಷ್ ಭಾರತದ ಶಾಸನದ ಮಾದರಿಯಲ್ಲೇ ರಚಿತವಾಯಿತು; ಬೇಟೆ ಮತ್ತು ಮೀನುಗಾರಿಕೆಯನ್ನು ನಿಯಂತ್ರಿಸುವ ರೆಗ್ಯುಲೇಷನ್ 1901ರಲ್ಲಿ ಬಂದಿತು. ಸಂಸ್ಥಾನದ ಆಡಳಿತವನ್ನು ಮಾದರಿಯೆಂದು ಹೊಗಳುವ ಬರಹಗಳು ಈ ಅಧ್ಯಾಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಈ ಅರಣ್ಯ ಕಾನೂನಿನ ವಿರೋಧಾಭಾಸ ಕಾಕನಕೋಟೆಯ ಖೆಡ್ಡಾದಲ್ಲಿ ಪ್ರಕಟವಾಗುತ್ತದೆ. ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್‌ಸನ್ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆರಂಭಿಸಿದ ಈ ಆನೆ ಹಿಡಿಯುವ ಕಾರ್ಯಾಚರಣೆ ಮುಂದೆ ವೈಸರಾಯರ ಸ್ವಾಗತದ ವೈಭವವೇ ಆಯಿತು. ಆನೆಯ ಜಾಡು ಹಿಡಿಯುವುದಕ್ಕೂ, ಹಿಡಿದ ಆನೆಯನ್ನು ಪಳಗಿಸಿ ಮಾವುತ ಕಾವಾಡಿಗಳಾಗಿ ದುಡಿಯುವುದಕ್ಕೂ ಕುರುಬರ ಕಾಡಿನ ಅರಿವೇ ಆಧಾರ. 1879ರ ಆನೆ ಸಂರಕ್ಷಣಾ ಶಾಸನ ಬ್ರಿಟಿಷ್ ಭಾರತದಲ್ಲಿ ಕಾಡಾನೆಯನ್ನು ಹಿಡಿಯುವ, ಕೊಲ್ಲುವ ಅಧಿಕಾರವನ್ನು ಸರ್ಕಾರದ ಪರವಾನಗಿಗೆ ಒಳಪಡಿಸಿತು. ಒಟ್ಟಿನಲ್ಲಿ ಕಾಡನ್ನು ಬಲ್ಲವರ ಅರಿವು ಸರ್ಕಾರಕ್ಕೆ ಬೇಕಾಯಿತು, ಅವರು ಕಾಡಿನಲ್ಲಿ ತಮ್ಮ ಇಚ್ಛೆಯಂತೆ ಬದುಕುವುದು ಮಾತ್ರ ಅಪರಾಧವಾಯಿತು. ಅರಣ್ಯ ಇಲಾಖೆ ತೇಗದ ನೆಡುತೋಪಿಗೆಂದು, ಬೆಂಕಿ ಕಾವಲಿಗೆಂದು ಹಾಡಿಗಳನ್ನು ಕಾಡಿನೊಳಗೆ ಉಳಿಸಿಕೊಂಡು ದುಡಿಸಿದ ಉದಾಹರಣೆಗಳು ನಾಗರಹೊಳೆ ಸೀಮೆಯಲ್ಲಿ ಹಲವಾರಿವೆ. ಇಲಾಖೆಯ ಅಗತ್ಯ ತೀರಿದ ಮೇಲೆ ಅದೇ ವಾಸ ಅತಿಕ್ರಮಣವೆನಿಸಿತು.

ಕೊಡಗು: ಜಮ್ಮ, ಪೈಸಾರಿ ಮತ್ತು ಲೈನುಮನೆ

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡ ಮೇಲೆ ಕೊಡವರ ವಂಶಪಾರಂಪರ್ಯದ ಜಮ್ಮ ಹಿಡುವಳಿಯನ್ನೂ ಅದಕ್ಕೆ ತಾಗಿದ, ಬಾಣೆ ಎಂಬ ಕಾಡುಜಾಗವನ್ನೂ ಮಾನ್ಯಮಾಡಿತು. 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿಯೂ ದೊರೆಯಿತು. ಹಿಡುವಳಿಗೆ ಸೇರದ ಸರ್ಕಾರಿ ಜಾಗ ಪೈಸಾರಿ ಎನಿಸಿತು. 1850ರ ದಶಕದಿಂದ ಯುರೋಪಿಯನ್ ಕಾಫಿ ತೋಟಗಳು ಹಬ್ಬಿದ್ದು ಇಂಥ ಜಾಗಗಳಲ್ಲಿ. ಅಲ್ಲಿ ಅಲೆದು ಬದುಕುತ್ತಿದ್ದ ಕುರುಬರಾಗಲಿ ಗದ್ದೆಯ ಜೀತದಲ್ಲಿದ್ದ ಯರವರಾಗಲಿ ಯಾವ ದಾಖಲೆಯಲ್ಲೂ ನೆಲದವರೆಂದು ಕಾಣಿಸಿಕೊಳ್ಳಲಿಲ್ಲ.

1843ರ ಶಾಸನ ಗುಲಾಮಗಿರಿಯನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ಹೇಳಿತು, ಆದರೆ ಬಿಡುಗಡೆ ಹೊಂದಿದವರಿಗೆ ನೆಲ ಕೊಡುವ ಮಾತೇ ಅದರಲ್ಲಿರಲಿಲ್ಲ. ಆ ಖಾಲಿ ಜಾಗವನ್ನು ಮುಂಗಡದ ಸಾಲ ತುಂಬಿತು. ಕಾರ್ಮಿಕರ ಕರಾರು ಭಂಗಕ್ಕೆ ಸಂಬಂಧಿಸಿದ 1859ರ ಶಾಸನದಂತೆ, ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯವನನ್ನು ಮಾಲೀಕನ ದೂರಿನ ಮೇಲೆ ಮ್ಯಾಜಿಸ್ಟ್ರೇಟನು ಮೂರು ತಿಂಗಳವರೆಗೆ ಸೆರೆಮನೆಗೆ ಕಳಿಸಬಹುದಿತ್ತು. ಇತರರ ಕರಾರುಗಳಲ್ಲಿ ಮಾತಿಗೆ ತಪ್ಪಿದರೆ ದಾವೆ, ಕೂಲಿಯವನ ಕರಾರಿನಲ್ಲಿ ಮಾತ್ರ ಸೆರೆ. ದಕ್ಷಿಣ ಭಾರತದ ತೋಟದ ಮಾಲೀಕರು ಇದನ್ನು ಧಾರಾಳವಾಗಿ ಬಳಸಿದರು; ಅದು ರದ್ದಾದದ್ದು 1920ರ ದಶಕದ ನಡುವಿನಲ್ಲಿ. ತೋಟದ ಲೈನುಮನೆಗಳಲ್ಲಿ ಹಲವು ತಲೆಮಾರು ಕಳೆದರೂ ಸ್ವಂತದ ಮನೆಯಡಿಯಷ್ಟು ಜಾಗವೂ ಇಲ್ಲದ ಯರವ, ಜೇನು ಕುರುಬ, ಬೆಟ್ಟ ಕುರುಬ ಕುಟುಂಬಗಳ ಸ್ಥಿತಿಗೆ ಈ ಇತಿಹಾಸವೇ ಮೂಲ. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಇಂಥ ಕುಟುಂಬಗಳನ್ನು ತೆರವುಗೊಳಿಸಿದಾಗ, ಆ ನೆಲ ಪೈಸಾರಿಯೋ ಕಾಯ್ದಿಟ್ಟ ಅರಣ್ಯವೋ ಎಂಬುದೇ ವಿವಾದದ ಕೇಂದ್ರವಾಯಿತು. ನೂರು ವರ್ಷಕ್ಕೂ ಹಿಂದಿನ ಕಂದಾಯ ವಿಭಾಗಗಳು ಇಪ್ಪತ್ತೊಂದನೆಯ ಶತಮಾನದ ನಿರ್ವಸಿತರ ಹಣೆಬರಹವನ್ನು ನಿರ್ಧರಿಸುತ್ತಿದ್ದವು.

ಹುಟ್ಟಿನಿಂದಲೇ ಅಪರಾಧಿ

ನೆಲದ ಕಾನೂನು ಆದಿವಾಸಿಗಳನ್ನು ಕಾಣದಂತೆ ಮಾಡಿದರೆ, ಪೊಲೀಸ್ ಕಾನೂನು ಅಲೆಮಾರಿ ಸಮುದಾಯಗಳ ಮೇಲೆ ಸದಾ ಕಣ್ಣಿಟ್ಟಿತು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಶಾಸನ 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿ, 1924ರಲ್ಲಿ ಮತ್ತೆ ಕ್ರೋಡೀಕೃತವಾಯಿತು. ವ್ಯಕ್ತಿ ಮಾಡಿದ ಕೃತ್ಯವನ್ನು ನೋಡದೆ ಹುಟ್ಟಿದ ಸಮುದಾಯವನ್ನೇ ಅಪರಾಧಿಯೆಂದು ಘೋಷಿಸಿ, ಬೆರಳಚ್ಚು ತೆಗೆದು, ಹಾಜರಿ ಹಾಕಿಸಿ, ಊರು ಬಿಡಲು ಪಾಸು ಪಡೆಯುವಂತೆ ಮಾಡುವ ಅಧಿಕಾರ ಇದರಿಂದ ಸರ್ಕಾರಕ್ಕೆ ದೊರೆಯಿತು. ಉಪ್ಪು, ಧಾನ್ಯ ಹೊತ್ತು ಊರೂರು ತಿರುಗುತ್ತಿದ್ದ ಸಮುದಾಯಗಳ ವ್ಯಾಪಾರವನ್ನು ರೈಲು ರಸ್ತೆಗಳು ಮುರಿದ ಕಾಲದಲ್ಲೇ ಅವರ ತಿರುಗಾಟ ಸಂಶಯಕ್ಕೆ ಗುರಿಯಾದದ್ದು ಕಾಕತಾಳೀಯವಲ್ಲ. ಬಾಂಬೆ ಕರ್ನಾಟಕದಲ್ಲಿ ಗಂಟಿಚೋರ್, ಛಪ್ಪರ್‌ಬಂದ್, ಹರಣಶಿಕಾರಿ, ಕೊರಚ ಮೊದಲಾದವರು ಇದರ ಹಿಡಿತಕ್ಕೆ ಸಿಕ್ಕರು. ಒ.ಎಚ್.ಬಿ. ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಕೂಡಿಹಾಕುವ ಬೇಲಿಯೊಳಗಿನ ವಸತಿಗಳು ಎದ್ದವು. ಅಲ್ಲಿನವರ ದುಡಿಮೆ ಹತ್ತಿ ಗಿರಣಿಗಳಿಗೆ ಹೋಯಿತು. 1952ರ ಆಗಸ್ಟ್ 31ರಂದು ಶಾಸನ ರದ್ದಾಯಿತು. ಹುಬ್ಬಳ್ಳಿ ಮತ್ತು ಗದಗದ ಆ ಕೇರಿಗಳನ್ನು ಜನ ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಪಟ್ಟಿ ಮತ್ತು ಗಡಿ

ಯಾವ ಸಮುದಾಯ ಬುಡಕಟ್ಟು ಎಂಬ ನಿರ್ಧಾರವೂ ವಸಾಹತು ಕಾಲದ ಜನಗಣತಿ ಮತ್ತು ಜನಾಂಗ ವಿವರಣೆಗಳಿಂದ ರೂಪುಗೊಂಡಿತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳು, ಮೈಸೂರಿಗೆ ಸಂಬಂಧಿಸಿ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು ಹೆಸರುಗಳನ್ನು ಸ್ಥಿರಗೊಳಿಸಿದವು. 1950ರ ರಾಷ್ಟ್ರಪತಿ ಆದೇಶದಿಂದ ಆರಂಭವಾದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹಳೆಯ ಆಡಳಿತ ಗಡಿಗಳ ಗುರುತು ಅಳಿದಿಲ್ಲ: ಕರ್ನಾಟಕದ ಪಟ್ಟಿಯಲ್ಲಿ ಕುರುಬ ಎಂಬ ನಮೂದು ಕೊಡಗು ಜಿಲ್ಲೆಗೆ ಸೀಮಿತ, ಮರಾಠಿ ಎಂಬುದು ದಕ್ಷಿಣ ಕನ್ನಡಕ್ಕೆ ಸೀಮಿತ. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದ್ದು ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ. ಧಾರವಾಡ ಮತ್ತು ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಗೋವೆಯಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಗಡಿಯ ಈಚೆ ಜೋಯಿಡಾದ ಕುಣಬಿಗಳು ಅದೇ ಮಾನ್ಯತೆಗಾಗಿ ದಶಕಗಳಿಂದ ಹೋರಾಡುತ್ತಿದ್ದಾರೆ. ಪೋರ್ಚುಗೀಸರಿಗೂ ಬ್ರಿಟಿಷರಿಗೂ ನಡುವೆ ಇದ್ದ ಗಡಿರೇಖೆ ಒಂದೇ ಜನರನ್ನು ಕಾನೂನಿನ ಕಣ್ಣಿನಲ್ಲಿ ಇಬ್ಬಗೆಯಾಗಿಸಿದೆ. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42,48,987, ಅಂದರೆ ಶೇ. 6.95, ಇದರಲ್ಲಿ ಅರಣ್ಯವಾಸಿ ಸಮುದಾಯಗಳ ಪಾಲು ಸಣ್ಣದು, ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಜೇನು ಕುರುಬರು ಸುಮಾರು 36 ಸಾವಿರ ಮಾತ್ರ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟ ಪ್ರದೇಶ ಒಂದೂ ಇಲ್ಲದ್ದರಿಂದ, ಅಂಥ ಪ್ರದೇಶಗಳ ಗ್ರಾಮಸಭೆಗೆ ನೆಲದ ಮೇಲೆ ವಿಶೇಷ ಅಧಿಕಾರ ಕೊಡುವ 1996ರ ಕಾಯಿದೆಯೂ ಇಲ್ಲಿ ಅನ್ವಯಿಸುವುದಿಲ್ಲ.

ಸ್ವಾತಂತ್ರ್ಯಾನಂತರ

1963ರ ಕರ್ನಾಟಕ ಅರಣ್ಯ ಕಾಯಿದೆ ಬೇರೆ ಬೇರೆ ಸೀಮೆಗಳ ಹಳೆಯ ಶಾಸನಗಳನ್ನು ಒಂದುಗೂಡಿಸಿತಾದರೂ ಅಧಿಸೂಚನೆ, ಗಡುವು, ಹಕ್ಕು ನಂದುವಿಕೆ ಎಂಬ ಹಳೆಯ ಚೌಕಟ್ಟನ್ನು ಉಳಿಸಿಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಇನ್ನೊಂದು ಪದರ ಸೇರಿಸಿತು. ಅರಸರ ಬೇಟೆಯ ಕಾಡುಗಳು ಅಭಯಾರಣ್ಯಗಳಾದವು: ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು, ಬಿಳಿಗಿರಿರಂಗನಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ವನ್ಯಜೀವಿಗಳ ಉಳಿವಿಗೆ ಈ ಶಾಸನ ಮಾಡಿದ ಉಪಕಾರ ದೊಡ್ಡದು, ಆದರೆ ಅದರ ಬೆಲೆಯನ್ನು ತೆತ್ತವರು ಕಾಡಿನವರೇ. ನಾಗರಹೊಳೆಯಿಂದ ಎಬ್ಬಿಸಲ್ಪಟ್ಟವರ ಬಗ್ಗೆ ಕರ್ನಾಟಕ ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ 3,418 ಕುಟುಂಬಗಳನ್ನು ಗುರುತಿಸಿತು. ಇತ್ತ ಅದೇ ಕಾಡಿನಲ್ಲಿ ಹೋಟೆಲ್ ಕಂಪನಿಯೊಂದಕ್ಕೆ ಜಾಗ ಗುತ್ತಿಗೆ ಕೊಟ್ಟದ್ದನ್ನು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಪ್ರಶ್ನಿಸಿ, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿತು. ವಸಾಹತು ಕಾಲದಲ್ಲಿ ವ್ಯಾಜ್ಯದ ಪಕ್ಷಕಾರರೇ ಆಗಿರದಿದ್ದವರು ಇಲ್ಲಿ ಅರ್ಜಿದಾರರಾಗಿ ನಿಂತದ್ದು ಸಣ್ಣ ಬದಲಾವಣೆಯಲ್ಲ.

ಬೆಂಗಳೂರಿಗೂ ಈ ಇತಿಹಾಸ ದೂರದ್ದಲ್ಲ. ಗಿರಿನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಒಂದೆರಡು ಗಂಟೆಯ ಹಾದಿಯೊಳಗೆ ಬನ್ನೇರುಘಟ್ಟ, ಕನಕಪುರ, ರಾಮನಗರ, ಮಾಗಡಿ ಕಾಡುಗಳ ಅಂಚಿನಲ್ಲಿ ಇರುಳಿಗರು ನೆಲೆಸಿದ್ದಾರೆ. ಬನ್ನೇರುಘಟ್ಟದ ಬಳಿ ಹಕ್ಕಿಪಿಕ್ಕಿ ಕಾಲೊನಿಯಿದೆ. ಹಕ್ಕಿ ಹಿಡಿದು ಮಾರುವುದೇ ಕಸುಬಾಗಿದ್ದ ಹಕ್ಕಿಪಿಕ್ಕಿಗಳಿಗೆ 1972ರ ಕಾಯಿದೆ ಆ ಕಸುಬನ್ನು ಅಪರಾಧವಾಗಿಸಿತು. ಗಿಡಮೂಲಿಕೆ ಎಣ್ಣೆ ಮಾರಿಕೊಂಡು ಆಫ್ರಿಕದವರೆಗೂ ಅವರು ಹೋಗಬೇಕಾಯಿತೆಂಬುದು 2023ರ ಏಪ್ರಿಲಿನಲ್ಲಿ ಸೂಡಾನಿನ ಯುದ್ಧದ ನಡುವೆ ಹಲವರು ಸಿಲುಕಿಕೊಂಡಾಗ ನಾಡಿಗೆಲ್ಲ ತಿಳಿಯಿತು.

2006ರ ಕಾಯಿದೆ ಮತ್ತು ಸಾಕ್ಷ್ಯದ ಪ್ರಶ್ನೆ

ಜಗತ್ತಿನ ಇತರೆಡೆಗಳಲ್ಲೂ ನ್ಯಾಯಾಲಯಗಳು ಮೂಲನಿವಾಸಿಗಳ ನೆಲದ ಹಕ್ಕನ್ನು ಒಪ್ಪದ ಇಂಥದೇ ಫಲಕ್ಕೆ ಬೇರೆ ದಾರಿಗಳಿಂದ ಬಂದಿದ್ದವು. ಅಮೆರಿಕದ ಸುಪ್ರೀಂ ಕೋರ್ಟ್ 1823ರಲ್ಲಿ, ನೆಲವನ್ನು ಕಂಡುಹಿಡಿದ ಯುರೋಪಿಯನ್ ರಾಷ್ಟ್ರಕ್ಕೆ ಅದರ ಒಡೆತನ, ಅಲ್ಲಿನ ಮೂಲನಿವಾಸಿಗಳಿಗೆ ವಾಸದ ಹಕ್ಕು ಮಾತ್ರ ಎಂದಿತು. ಆಸ್ಟ್ರೇಲಿಯದಲ್ಲಿ ನೆಲ ಯಾರದೂ ಅಲ್ಲವೆಂಬ ಕಲ್ಪನೆ 1992ರ ಮಾಬೊ ತೀರ್ಪಿನವರೆಗೂ ನಡೆಯಿತು. ಭಾರತದಲ್ಲಿ ಬ್ರಿಟಿಷರು ನೆಲವನ್ನು ಖಾಲಿಯೆನ್ನಲಿಲ್ಲ. ಹಿಂದಿನ ಅರಸರ ಉತ್ತರಾಧಿಕಾರಿಗಳೆಂದು ಹೇಳಿಕೊಂಡು, ಆ ಅರಸರು ಎಂದೂ ಚಲಾಯಿಸಿರದಷ್ಟು ಒಡೆತನವನ್ನು ಕಾಡಿನ ಮೇಲೆ ಸ್ಥಾಪಿಸಿದರು. ಆದ್ದರಿಂದಲೇ ಇಲ್ಲಿ ಪರಿಹಾರ ಒಂದು ತೀರ್ಪಿನಿಂದ ಬರಲಿಲ್ಲ, ಶಾಸನದಿಂದ ಬರಬೇಕಾಯಿತು.

2007ರ ಡಿಸೆಂಬರ್ 31ರಿಂದ ಜಾರಿಗೆ ಬಂದ, ಸಾಮಾನ್ಯವಾಗಿ ಅರಣ್ಯ ಹಕ್ಕು ಕಾಯಿದೆ ಎನಿಸಿಕೊಂಡ 2006ರ ಶಾಸನ, ಅರಣ್ಯವಾಸಿಗಳಿಗೆ ಆದದ್ದನ್ನು ತನ್ನ ಪೀಠಿಕೆಯಲ್ಲೇ ಚಾರಿತ್ರಿಕ ಅನ್ಯಾಯವೆಂದು ಒಪ್ಪಿಕೊಂಡಿತು. ಹಕ್ಕನ್ನು ಹೊಸದಾಗಿ ದಯಪಾಲಿಸುವುದು ಅದರ ಉದ್ದೇಶವಲ್ಲ. ಮೊದಲೇ ಇದ್ದದ್ದನ್ನು ಮಾನ್ಯಮಾಡುವುದೇ ಅದರ ಗುರಿ. 2005ರ ಡಿಸೆಂಬರ್ 13ಕ್ಕೆ ಮುಂಚೆ ಅರಣ್ಯಭೂಮಿಯನ್ನು ಹಿಡಿದಿದ್ದ ಪರಿಶಿಷ್ಟ ಪಂಗಡದವರಿಗೂ, ಮೂರು ತಲೆಮಾರು ಅಂದರೆ 75 ವರ್ಷ ಕಾಡಿನಲ್ಲಿ ವಾಸಿಸಿದ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಅದು ಅನ್ವಯಿಸುತ್ತದೆ. ವೈಯಕ್ತಿಕ ಹಿಡುವಳಿಯ ಜೊತೆಗೆ ಕಿರು ಅರಣ್ಯ ಉತ್ಪನ್ನಗಳ ಮೇಲೂ ಸಮುದಾಯದ ಕಾಡನ್ನು ತಾನೇ ಕಾಯುವ ಅಧಿಕಾರದ ಮೇಲೂ ಹಕ್ಕು ಕೊಡುತ್ತದೆ. ಅರ್ಜಿಯ ಮೊದಲ ವಿಚಾರಣೆ ಗ್ರಾಮಸಭೆಯದು. ನಂತರ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳದು.

ಬಿಳಿಗಿರಿರಂಗನಬೆಟ್ಟದ ಸೋಲಿಗರ ಅನುಭವ ಈ ಕಾಯಿದೆಯ ಸಾಧ್ಯತೆಯನ್ನು ತೋರಿಸಿದೆ. ಪೋಡುಗಳೆಂಬ ಸಣ್ಣ ನೆಲೆಗಳಲ್ಲಿ ಚದುರಿ ಬಾಳುತ್ತಿದ್ದ ಸೋಲಿಗರನ್ನು ಅಭಯಾರಣ್ಯವಾದ ಮೇಲೆ ಕಾಲೊನಿಗಳಿಗೆ ಕೂಡಿಸಲಾಯಿತು, ಬೇಸಾಯ ನಿಂತಿತು, ಬೇಸಿಗೆಯ ಮೊದಲಿಗೆ ಹಾಕುತ್ತಿದ್ದ ತರಗು ಬೆಂಕಿಗೆ ನಿಷೇಧ ಬಂದಿತು, 2006ರಲ್ಲಿ ಜೇನು, ನೆಲ್ಲಿ, ಪಾಚಿಗಳನ್ನು ಮಾರಲು ತೆಗೆಯುವುದೂ ನಿಂತಿತು. ನೆಲದ ಮಟ್ಟದಲ್ಲಿ ಬೇಗ ಆರಿಹೋಗುವ ಆ ತೆಳು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಪರಿಸರ ವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. 2011ರ ಜನವರಿಯಲ್ಲಿ ಕಾಡು ಹುಲಿ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಮೀಸಲು ಪ್ರದೇಶದ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು.

ಉಳಿದೆಡೆ ಫಲ ಇಷ್ಟು ಸಮಾಧಾನಕರವಾಗಿಲ್ಲ. ರಾಜ್ಯದಲ್ಲಿ ಸಲ್ಲಿಕೆಯಾದ ಎರಡೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಹಕ್ಕುಪತ್ರ ದಕ್ಕಿಲ್ಲ. ಉತ್ತರ ಕನ್ನಡ, ಶಿವಮೊಗ್ಗಗಳ ಪಾರಂಪರಿಕ ಅರಣ್ಯವಾಸಿಗಳು ಎಡವುವುದು 75 ವರ್ಷದ ಪುರಾವೆಯಲ್ಲಿ: 2005ರಿಂದ ಹಿಂದಕ್ಕೆ ಎಣಿಸಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ, ಅಂದರೆ ತಮ್ಮ ಅಜ್ಜಂದಿರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆಡಳಿತದ ಕಡತಗಳಿಂದಲೇ ಅವರು ತಮ್ಮ ವಾಸವನ್ನು ರುಜುಪಡಿಸಬೇಕು. ಅತಿಕ್ರಮಣಕ್ಕೆಂದು ಹಿಂದೊಮ್ಮೆ ಕಟ್ಟಿದ ದಂಡದ ರಸೀದಿಯೇ ಕೆಲವು ಕುಟುಂಬಗಳಿಗೆ ಇರುವ ಅತ್ಯುತ್ತಮ ದಾಖಲೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ತಿರಸ್ಕರಿಸುವಾಗ ಸರಿಯಾದ ವಿಚಾರಣೆ ನಡೆದಿತ್ತೇ ಎಂಬ ಪ್ರಶ್ನೆ ಆಗ ಮುನ್ನೆಲೆಗೆ ಬಂದಿತು.

ವಾಸ್ತವದಲ್ಲಿ ಕಾಯಿದೆಯ 13ನೆಯ ನಿಯಮ ಬರಹದ ದಾಖಲೆಯನ್ನಷ್ಟೇ ಕೇಳುವುದಿಲ್ಲ. ಗೆಜೆಟಿಯರ್, ಜನಗಣತಿ, ನಕಾಶೆಗಳ ಜೊತೆಗೆ ಮನೆ, ಬದು, ಬಾವಿ, ಸಮಾಧಿ, ಪೂಜಾಸ್ಥಳ ಮೊದಲಾದ ನೆಲದ ಮೇಲಿನ ಕುರುಹುಗಳನ್ನೂ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಮಾತನ್ನೂ, ಪೂರ್ವಜರ ವಂಶಾವಳಿಯನ್ನೂ ಅದು ಸಾಕ್ಷ್ಯವೆಂದು ಒಪ್ಪುತ್ತದೆ. 1878ರ ಅರಣ್ಯ ವ್ಯವಸ್ಥಾಪನಾಧಿಕಾರಿ ಕೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳಲು ಬೇಕಾದ ದಾರಿ ಈ ನಿಯಮದಲ್ಲಿದೆ, ಸಮಿತಿಗಳು ಅದನ್ನು ಅಷ್ಟಾಗಿ ಬಳಸುತ್ತಿಲ್ಲ. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ದಶಕಗಳ ಹಿಂದೆ ತಮ್ಮನ್ನು ಎಬ್ಬಿಸಿದ ಜಾಗವೆಂದು ಹೇಳಿ ಮರಳಿ ಹೋಗಿ ಗುಡಿಸಲು ಹಾಕಿದಾಗ, ಅರಣ್ಯ ಇಲಾಖೆ ಅದನ್ನು ಅತಿಕ್ರಮಣವೆಂದು ಕಂಡಿತು. ಆ ಕುಟುಂಬಗಳು ತಮ್ಮ ಹಿರಿಯರನ್ನು ಹೂಳಿದ ಜಾಗಗಳನ್ನೂ ದೈವದ ನೆಲೆಗಳನ್ನೂ ತೋರಿಸಿ, 2006ರ ಕಾಯಿದೆಯಡಿ ತಮ್ಮ ಅರ್ಜಿಗಳನ್ನು ಇತ್ಯರ್ಥಪಡಿಸಬೇಕೆಂದು ಕೇಳಿದವು.